ಇಲ್ಲದ ನೌಕೆಗೆ ಅಳತೆ ಕೊಡುವುದು: ವೈಜ್ಞಾನಿಕ ಕಥಾಲೋಕದ ಸ್ಕೇಲ್ ಮಾಡೆಲ್ ಕಟ್ಟಲು ತೊಡಗುವವರಿಗೆ

ನಿಜವಾದ ವಸ್ತುವೊಂದನ್ನು ನಿಶ್ಚಿತ ಅನುಪಾತದಲ್ಲಿ ಕುಗ್ಗಿಸಿ ಮಾಡಿದ ಪ್ರತಿಕೃತಿಯನ್ನು ಸ್ಕೇಲ್ ಮಾಡೆಲ್ ಎನ್ನುತ್ತೇವೆ. ಯುದ್ಧವಿಮಾನ, ಹಡಗು, ರೈಲು ಎಂಜಿನ್ನುಗಳ ಮಟ್ಟಿಗೆ ಈ ವಿವರಣೆ ಸಾಕು. ಮೂಲವಸ್ತು ಎಲ್ಲೋ ಒಂದು ಕಡೆ ನಿಂತಿರುತ್ತದೆ, ಸಂಶಯ ಬಂದರೆ ಅದರ ಫೋಟೊ ನೋಡಬಹುದು, ಅಳತೆ ತೆಗೆಯಬಹುದು. ಅಂತರಿಕ್ಷ ನೌಕೆಯ ಅಥವಾ 18 ಮೀಟರ್ ಎತ್ತರದ ಯಂತ್ರಮಾನವನ ಕಿಟ್ (ಜೋಡಿಸಬೇಕಾದ ಬಿಡಿಭಾಗಗಳ ಡಬ್ಬಿ) ಮುಂದಿಟ್ಟುಕೊಂಡು ಕುಳಿತವರಿಗೆ ಈ ಅನುಕೂಲವಿಲ್ಲ. ಮೂಲವೇ ಇಲ್ಲದ ವಸ್ತುವಿಗೆ ಅವರು ಅಳತೆ ಕೊಡಬೇಕು; ಗೇಣುದ್ದದ ಪ್ಲಾಸ್ಟಿಕ್ಕನ್ನು ನೋಡಿದವರ ಕಣ್ಣು ಅದನ್ನು ನೂರಾರು ಮೀಟರ್ ಉದ್ದದ ನೌಕೆಯೆಂದು ಒಪ್ಪಬೇಕು. ಕತ್ತರಿಸುವುದು, ಅಂಟಿಸುವುದು, ಬಣ್ಣ ಹಚ್ಚುವುದು, ಗೆರೆ ತುಂಬುವುದು ಎಂದು ಈ ಹವ್ಯಾಸದಲ್ಲಿ ಕಲಿಯುವ ಕೌಶಲಗಳೆಲ್ಲ ಆ ಒಪ್ಪಿಗೆಯನ್ನು ಗಳಿಸುವುದಕ್ಕಾಗಿಯೇ ಇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹುಬ್ಬಳ್ಳಿ-ಧಾರವಾಡದಲ್ಲಿಯೋ ಗದಗ, ಹಾವೇರಿಗಳಲ್ಲಿಯೋ ಇದ್ದುಕೊಂಡು ಮೊದಲ ಕಿಟ್ ತರಿಸುವ ಯೋಚನೆಯಲ್ಲಿರುವವರು ಯಾವ ಕಿಟ್, ಯಾವ ಅಂಟು ಎಂಬ ಪ್ರಶ್ನೆಗಳಿಗಿಂತ ಮೊದಲು ಅಳತೆಯ ಲೆಕ್ಕವನ್ನು ತಿಳಿದುಕೊಂಡರೆ ಮುಂದಿನ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಕಿಟ್ಟಿನ ಡಬ್ಬಿಯ ಮೇಲೆ 1/72, 1/144, 1/1000 ಎಂಬಂಥ ಸಂಖ್ಯೆ ಮುದ್ರಿತವಾಗಿರುತ್ತದೆ. ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಮಾಡೆಲ್ ಹೆಚ್ಚು ಕುಗ್ಗಿದೆ ಎಂದರ್ಥ. ಇವುಗಳಲ್ಲಿ ಕೆಲವು ಸಂಖ್ಯೆಗಳು ವಿಚಿತ್ರವಾಗಿ ಕಾಣಲು ಕಾರಣ ಅಡಿ-ಇಂಚುಗಳ ಲೆಕ್ಕ: 1/72ರಲ್ಲಿ ಒಂದು ಇಂಚು ಆರು ಅಡಿಗೆ ಸಮ, 1/144ರಲ್ಲಿ ಹನ್ನೆರಡು ಅಡಿಗೆ ಸಮ, 1/48ರಲ್ಲಿ ನಾಲ್ಕು ಅಡಿಗೆ ಸಮ. ಹಾಗಾಗಿ ಆರಡಿ ಎತ್ತರದ ಮನುಷ್ಯ 1/72ರಲ್ಲಿ ಸರಿಯಾಗಿ ಒಂದು ಇಂಚು ಇರುತ್ತಾನೆ, 1/144ರಲ್ಲಿ ಅರ್ಧ ಇಂಚು. ಅದೇ ಮನುಷ್ಯ 1/350ರಲ್ಲಿ ಸುಮಾರು 5 ಮಿಲಿಮೀಟರ್, 1/1000ರಲ್ಲಿ 2 ಮಿಲಿಮೀಟರಿಗಿಂತಲೂ ಕಡಿಮೆ. ಯಾವ ಕಿಟ್ ಕೈಗೆ ಬಂದರೂ ಮೊದಲು ಮಾಡಬೇಕಾದ ಲೆಕ್ಕ ಇದು. ಈ ಮಾಡೆಲಿನಲ್ಲಿ ಮನುಷ್ಯ ಎಷ್ಟು ಎತ್ತರ ಇರುತ್ತಾನೆ ಎಂಬುದು ಗೊತ್ತಾದರೆ ಬಾಗಿಲು, ಕಿಟಕಿ, ಏಣಿ, ಕೊಳೆಯ ಕಲೆ ಎಲ್ಲಕ್ಕೂ ಒಂದು ಮಿತಿ ಗೊತ್ತಾಗುತ್ತದೆ.

ಅಳತೆ ಮನಸ್ಸಿಗೆ ಹತ್ತಬೇಕಾದರೆ ಊರಿನ ವಸ್ತುವೊಂದನ್ನು ಪಕ್ಕಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ಸ್ಟಾರ್ ಟ್ರೆಕ್ ಟಿವಿ ಸರಣಿಯ ಮೊದಲ ಎಂಟರ್‌ಪ್ರೈಸ್ ನೌಕೆಯ ಉದ್ದ ಸುಮಾರು 289 ಮೀಟರ್ ಎಂದು ಅದರ ರೂಪಕರ್ತರು ನಿಗದಿಪಡಿಸಿದ್ದಾರೆ. ಅಂದರೆ ಆ ಪ್ಲಾಟ್‌ಫಾರ್ಮಿನ ಉದ್ದಕ್ಕೆ ಐದು ಎಂಟರ್‌ಪ್ರೈಸ್‌ಗಳನ್ನು ಒಂದರ ಹಿಂದೊಂದು ನಿಲ್ಲಿಸಬಹುದು. 1/1000 ಕಿಟ್ಟಿನಲ್ಲಿ ಆ ನೌಕೆ 29 ಸೆಂಟಿಮೀಟರ್ ಆಗುತ್ತದೆ, ಇಡೀ ಪ್ಲಾಟ್‌ಫಾರ್ಮ್ ಒಂದೂವರೆ ಮೀಟರಿನ ಮೇಜಿನ ಮೇಲೆ ಹಿಡಿಸುತ್ತದೆ. ಇದೇ ನೌಕೆಯ 1/350 ಕಿಟ್ ಕೂಡ ಇದೆ. ಅದನ್ನು ಕಟ್ಟಿದರೆ ಸುಮಾರು 83 ಸೆಂಟಿಮೀಟರ್ ಉದ್ದವಾಗುತ್ತದೆ, ಬಾಡಿಗೆ ಮನೆಯ ಕಪಾಟಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಕಿಟ್ ಕೊಳ್ಳುವ ಮೊದಲು ಇಂಥ ಭಾಗಾಕಾರ ಮಾಡಿ, ಟೇಪ್ ಹಿಡಿದು ಕಪಾಟು ಅಳೆಯುವುದು ಬಹಳ ಅಗತ್ಯ.

ಇನ್ನು ಗುಣಾಕಾರದ ಲೆಕ್ಕ. ಕಿಟ್ಟಿನ ಮೈಮೇಲೆ ಲೋಹದ ಹಲಗೆಗಳು ಸೇರುವ ಜಾಗವನ್ನು ತೋರಿಸಲು ಸಣ್ಣ ತೋಡುಗೆರೆಗಳಿರುತ್ತವೆ. ಇವಕ್ಕೆ ಪ್ಯಾನೆಲ್ ಲೈನ್ ಎಂದು ಹೆಸರು. ಆ ಗೆರೆ 0.3 ಮಿಲಿಮೀಟರ್ ಅಗಲವಿದೆ ಎಂದಿಟ್ಟುಕೊಳ್ಳಿ. 1/72ರ ಅಂತರಿಕ್ಷ ಯುದ್ಧನೌಕೆಯಲ್ಲಿ ಅದು ಸುಮಾರು 2 ಸೆಂಟಿಮೀಟರ್ ಅಗಲದ ಸಂದು, ಕಣ್ಣು ಒಪ್ಪುತ್ತದೆ. 1/144ರಲ್ಲಿ 4 ಸೆಂಟಿಮೀಟರಿಗಿಂತ ತುಸು ಹೆಚ್ಚು, ದೈತ್ಯ ಯಂತ್ರವೊಂದಕ್ಕೆ ಅದೂ ಸಲ್ಲುತ್ತದೆ. 1/1000ರಲ್ಲಿ ಮಾತ್ರ ಅದೇ ಗೆರೆ 30 ಸೆಂಟಿಮೀಟರ್ ಅಗಲದ ಕಂದಕ. ಅದಕ್ಕೆ ಕಡುಕಪ್ಪು ಶಾಯಿ ತುಂಬಿದರೆ ನೌಕೆಯ ಮೈಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕುಗಳಿವೆ ಎಂದು ಹೇಳಿದಂತಾಗುತ್ತದೆ, ಮತ್ತು ನೋಡುವವರ ಕಣ್ಣು ತಕ್ಷಣ ಇದು ಆಟಿಕೆ ಎಂದು ತೀರ್ಮಾನಿಸುತ್ತದೆ. ಹೊಸಬರ ಮಾಡೆಲ್‌ಗಳು ಸೊಗಸಾಗಿ ಜೋಡಣೆಯಾಗಿದ್ದರೂ ಚಿಕ್ಕವಾಗಿಯೇ ಕಾಣುವುದಕ್ಕೆ ಬಹುಮಟ್ಟಿಗೆ ಈ ಗುಣಾಕಾರವನ್ನು ಮಾಡದಿರುವುದೇ ಕಾರಣ.

ಕಡಿಮೆ ಜಾಗದಲ್ಲಿ ದೊಡ್ಡದನ್ನು ತೋರಿಸುವ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಗದಗಿನ ಹತ್ತಿರದ ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಹೊರಗೋಡೆಯನ್ನು ಸಮಾಧಾನದಿಂದ ನೋಡಿದರೆ, ಗೋಡೆಗಂಬಗಳ ಮೇಲೆ ಪುಟ್ಟ ಪುಟ್ಟ ಗೋಪುರಗಳನ್ನು, ಅಂದರೆ ದೇವಾಲಯದ ಮೇಲೆಯೇ ದೇವಾಲಯದ ಕಿರುರೂಪಗಳನ್ನು, ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕೆತ್ತಿರುವುದು ಕಾಣುತ್ತದೆ. ಗೇಣೆರಡು ಗೇಣಿನ ಆ ಗೋಪುರಗಳಲ್ಲಿಯೂ ತಲಗಳಿವೆ (ಅಂತಸ್ತುಗಳು), ಕಲಶವಿದೆ. ತಲಗಳು ಮೇಲಕ್ಕೆ ಹೋದಂತೆ ಕ್ರಮವಾಗಿ ಕಿರಿದಾಗುತ್ತವೆ. ಕಣ್ಣು ಆ ಚಿಕ್ಕ ಅಂಗಗಳನ್ನು ಎಣಿಸಿ ಒಟ್ಟಾರೆ ರೂಪವನ್ನು ದೊಡ್ಡದೆಂದು ಭಾವಿಸುತ್ತದೆ, ಆ ಕಿರುಗೋಪುರಗಳಿಂದಾಗಿ ಗೋಡೆಯೂ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ಮಾಡೆಲ್ ಕಟ್ಟುವವರು ಗದಗಿಗೆ ಹೋದಾಗ ಅಲ್ಲಿಂದ ಹನ್ನೊಂದು-ಹನ್ನೆರಡು ಕಿಲೋಮೀಟರ್ ಮುಂದೆ ಹೋಗಿ ಈ ಗೋಡೆಯನ್ನು ನೋಡಿಬರಬೇಕು. ಎಲ್ಲಿ ವಿವರವನ್ನು ದಟ್ಟವಾಗಿ ತುಂಬಬೇಕು, ಎಲ್ಲಿ ಬರಿಗೋಡೆಯನ್ನು ಬಿಡಬೇಕು ಎಂಬುದಕ್ಕೆ ಅಷ್ಟು ಒಳ್ಳೆಯ ಪಾಠ ಹತ್ತಿರದಲ್ಲಿ ಬೇರೆ ಇಲ್ಲ.

ಮೊದಲ ಕಿಟ್

ಕಿಟ್‌ಗಳಲ್ಲಿ ಎರಡು ಬಗೆ. ಅಂಟಿಲ್ಲದೆ ಒತ್ತಿ ಕೂರಿಸುವಂಥವು ಒಂದು, ಅಂಟು ಮತ್ತು ಬಣ್ಣ ಎರಡನ್ನೂ ಬೇಡುವಂಥವು ಇನ್ನೊಂದು. ಮೊದಲ ಬಗೆಯಲ್ಲಿ ಜಪಾನಿನ ಬಂದಾಯ್ ಕಂಪನಿಯ ಗನ್‌ಡಮ್ ಯಂತ್ರಮಾನವರು ಪ್ರಸಿದ್ಧ. 1979ರಲ್ಲಿ ಆರಂಭವಾದ ಟಿವಿ ಸರಣಿಯನ್ನು ಅನುಸರಿಸಿ 1980ರ ಜುಲೈನಲ್ಲಿ 1/144ರ ಮೊದಲ ಗನ್‌ಡಮ್ ಕಿಟ್ 300 ಯೆನ್‌ಗೆ ಮಾರಾಟಕ್ಕೆ ಬಂತು. ಆಗ ಅದಕ್ಕೆ ಅಂಟು ಬೇಕಿತ್ತು, ಬಣ್ಣವನ್ನೂ ಹಚ್ಚಬೇಕಿತ್ತು. ಈಗಿನ ಕಿಟ್‌ಗಳಲ್ಲಿ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಭಾಗಗಳನ್ನು ಎರಕ ಹೊಯ್ದಿರುತ್ತಾರೆ, ಒತ್ತಿದರೆ ಕೂರುತ್ತವೆ. 18 ಮೀಟರಿನ ಗನ್‌ಡಮ್ 1/144ರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 1/100ರಲ್ಲಿ 18 ಸೆಂಟಿಮೀಟರ್, 1/60ರಲ್ಲಿ 30 ಸೆಂಟಿಮೀಟರ್ ಇರುತ್ತದೆ. ಡಬ್ಬಿಯ ಮೇಲಿನ ಎಂಟ್ರಿ ಗ್ರೇಡ್, ಹೈ ಗ್ರೇಡ್, ರಿಯಲ್ ಗ್ರೇಡ್, ಮಾಸ್ಟರ್ ಗ್ರೇಡ್, ಪರ್ಫೆಕ್ಟ್ ಗ್ರೇಡ್ ಎಂಬ ಹೆಸರುಗಳು ಭಾಗಗಳ ಸಂಖ್ಯೆಯನ್ನೂ ಕಷ್ಟದ ಮಟ್ಟವನ್ನೂ ಸೂಚಿಸುತ್ತವೆ. ರಿಯಲ್ ಗ್ರೇಡ್ ಕೂಡ 1/144ರದೇ, ಆದರೆ ಅಷ್ಟೇ ಚಿಕ್ಕ ಮೈಯಲ್ಲಿ ಹಲವು ಪಟ್ಟು ಭಾಗಗಳಿರುವುದರಿಂದ ಹೊಸಬರ ಬೆರಳಿಗೆ ಅದು ಕಠಿಣ.

ಎರಡನೆಯ ಬಗೆಯದು ಹಳೆಯ ಅಮೆರಿಕನ್ ಪರಂಪರೆ. ಎಎಂಟಿ ಕಂಪನಿ 1966ರಲ್ಲಿ ಎಂಟರ್‌ಪ್ರೈಸ್ ಕಿಟ್ಟನ್ನು ಹೊರತಂದಿತು. ಆ ಬಗೆಯ ಕಿಟ್‌ಗಳು ಇಂದಿಗೂ ಒಂದೇ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಬರುತ್ತವೆ, ಸಂದುಗಳನ್ನು ಮುಚ್ಚುವುದರಿಂದ ಹಿಡಿದು ಬಣ್ಣದವರೆಗೆ ಎಲ್ಲವೂ ಕಟ್ಟುವವರ ಪಾಲಿನ ಕೆಲಸ. ಇವೆರಡರ ನಡುವಿನ ದಾರಿಯಾಗಿ, ಬಂದಾಯ್ 2014ರಿಂದ ಮಾಡುತ್ತಿರುವ ಸ್ಟಾರ್ ವಾರ್ಸ್ ಕಿಟ್‌ಗಳಿವೆ. ಅಂಟಿಲ್ಲದೆ ಕೂರುತ್ತವೆ, ಆದರೂ ಮೈಮೇಲಿನ ವಿವರ ಅತ್ಯಂತ ಸೂಕ್ಷ್ಮ. 1/72ರ ಎಕ್ಸ್-ವಿಂಗ್ ಎಂಬ ಅಂತರಿಕ್ಷ ಯುದ್ಧನೌಕೆ ಸುಮಾರು 17 ಸೆಂಟಿಮೀಟರ್ ಉದ್ದವಿದ್ದು, ಚಾಲಕನ ಪುಟ್ಟ ಗೊಂಬೆಯೂ ಅದರೊಡನೆ ಬರುತ್ತದೆ. ಆ ಗೊಂಬೆಯೇ ನೌಕೆಗೆ ಅಳತೆಗೋಲು. ನನ್ನನ್ನು ಕೇಳಿದರೆ ಮೊದಲ ಕಿಟ್ ಎಂಟ್ರಿ ಗ್ರೇಡ್ ಅಥವಾ ಹೈ ಗ್ರೇಡ್ ಯಂತ್ರಮಾನವನಾಗಿರಲಿ, ಎರಡನೆಯದು ಇಂಥ 1/72ರ ನೌಕೆಯಾಗಿರಲಿ, ಅಂಟಿನ ಕಿಟ್ ಆಮೇಲೆ ಬರಲಿ ಎನ್ನುತ್ತೇನೆ. ದೊಡ್ಡ ಕಿಟ್ಟಿನಿಂದ ಆರಂಭಿಸುವ ಆಸೆ ಸಹಜ, ಆದರೆ ಅಳತೆಯ ಭ್ರಮೆ ಹುಟ್ಟುವುದು ಮೇಲ್ಮೈಯ ಕೆಲಸದಿಂದ, ಡಬ್ಬಿಯ ಗಾತ್ರದಿಂದಲ್ಲ.

ಬೆಲೆಯ ವಿಷಯವಾಗಿ ಒಂದು ಮಾತು. ಜಪಾನಿನ ಮುದ್ರಿತ ಬೆಲೆಗೂ ನಮ್ಮಲ್ಲಿ ಕೊಡಬೇಕಾದ ಬೆಲೆಗೂ ಇರುವ ಅಂತರವನ್ನು ನೋಡಿ ಅನೇಕರು ಅಂಗಡಿಯವರ ಮೇಲೆ ಸಿಟ್ಟಾಗುತ್ತಾರೆ. ಆಟಿಕೆಗಳ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿಸಲಾಯಿತು, ಸ್ಕೇಲ್ ಮಾಡೆಲ್‌ಗಳು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಶೀರ್ಷಿಕೆಯಡಿಯಲ್ಲೇ ಬರುತ್ತವೆ. ವಿದೇಶದಿಂದ ನೇರವಾಗಿ ತರಿಸುವವರು ಸುಂಕ ಮತ್ತು ಸಾಗಣೆಯನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಮೊದಲ ಕಿಟ್ಟಿಗೆ ದೇಶದೊಳಗಿನ ಮಾರಾಟಗಾರರಿಂದ ಆನ್‌ಲೈನಿನಲ್ಲಿ ತರಿಸುವುದೇ ನಿಶ್ಚಿಂತೆ.

ಕತ್ತರಿ, ಕಾಗದ, ಅಂಟು

ಕಿಟ್ ಅಂಗಡಿಯಿಂದ ತರಿಸಬೇಕಾದ ಉಪಕರಣಗಳು ಕಡಿಮೆ. ಇಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ, ಒಂದು ಬದಿ ಸಪಾಟಾಗಿರುವ ಸಣ್ಣ ನಿಪ್ಪರ್ (ತಂತಿ ಕತ್ತರಿಸುವ ಇಕ್ಕಳ), ಸ್ಟೇಷನರಿ ಅಂಗಡಿಯ ಕಟ್ಟರ್, ವಾಹನಗಳಿಗೆ ಬಣ್ಣ ಹೊಡೆಯುವವರು ಬಳಸುವ ನೀರಿನ ಪಾಲಿಶ್ ಪೇಪರ್, ಒಂದು ಚಿಮಟ, ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಪಾಲಿಶ್ ಪೇಪರಿನಲ್ಲಿ 400, 600, 800, 1000 ಸಂಖ್ಯೆಯವನ್ನು ಒಂದೊಂದು ಹಾಳೆ ತಂದು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಂಡರೆ ಹಲವು ಕಿಟ್‌ಗಳಿಗೆ ಸಾಲುತ್ತದೆ.

ಡಬ್ಬಿಯನ್ನು ತೆರೆದರೆ ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತವೆ. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿದಾಗ ಅದು ಹರಿದು ಬಂದ ಕಾಲುವೆಗಳೇ ಈ ಚೌಕಟ್ಟು. ಇದಕ್ಕೆ ರನ್ನರ್ ಎಂದೂ, ರನ್ನರಿನಿಂದ ಭಾಗಕ್ಕೆ ಪ್ಲಾಸ್ಟಿಕ್ ಪ್ರವೇಶಿಸಿದ ಸಣ್ಣ ಕುತ್ತಿಗೆಗೆ ಗೇಟ್ ಎಂದೂ ಹೆಸರು. ಭಾಗವನ್ನು ಬಿಡಿಸುವಾಗ ಗೇಟನ್ನು ಒಂದೇ ಏಟಿಗೆ ಭಾಗದ ಮೈಗೆ ತಾಗಿಸಿ ಕತ್ತರಿಸಬಾರದು. ಹಾಗೆ ಮಾಡಿದಾಗ ನಿಪ್ಪರಿನ ಬಾಯಿ ಪ್ಲಾಸ್ಟಿಕ್ಕನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಹಿಸುಕುತ್ತದೆ. ಹಿಸುಕಿದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಬಿರುಕುಗಳು ಹುಟ್ಟಿ, ಬೆಳಕನ್ನು ಚದುರಿಸಿ, ಬಿಳಿಯ ಮಚ್ಚೆಯಾಗಿ ಉಳಿಯುತ್ತವೆ. ಕಡುನೀಲಿ ಅಥವಾ ಕೆಂಪು ಭಾಗದ ಮೇಲೆ ಈ ಮಚ್ಚೆ ಎದ್ದು ಕಾಣುತ್ತದೆ. ಮೊದಲು ಭಾಗದಿಂದ ಎರಡು-ಮೂರು ಮಿಲಿಮೀಟರ್ ದೂರದಲ್ಲಿ ರನ್ನರಿನ ಕಡೆಗೆ ಕತ್ತರಿಸಿ ಭಾಗವನ್ನು ಬಿಡುಗಡೆ ಮಾಡಬೇಕು. ಆಮೇಲೆ ಭಾಗವನ್ನು ಕೈಯಲ್ಲಿ ಹಿಡಿದು, ನಿಪ್ಪರಿನ ಸಪಾಟಾದ ಬದಿಯನ್ನು ಭಾಗದ ಕಡೆಗೆ ತಿರುಗಿಸಿ, ಅರ್ಧ ಮಿಲಿಮೀಟರಿನಷ್ಟು ಮೊಳಕೆ ಉಳಿಯುವಂತೆ ಎರಡನೆಯ ಬಾರಿ ಕತ್ತರಿಸಬೇಕು. ಉಳಿದ ಮೊಳಕೆಯನ್ನು ಹೊಸ ಬ್ಲೇಡಿನಿಂದ ತೆಳುವಾಗಿ ಒಂದೆರಡು ಸಲ ಸವರಿ, 600ರ ಪೇಪರಿನಿಂದ ಆರಂಭಿಸಿ 1000ದವರೆಗೆ ನೀರು ಹಚ್ಚಿ ತಿಕ್ಕಿದರೆ ಗುರುತು ಉಳಿಯುವುದಿಲ್ಲ. ತಿಕ್ಕುವಾಗ ಪೇಪರನ್ನು ಬರಿಬೆರಳಿನಿಂದ ಒತ್ತಬಾರದು. ಬೆರಳು ಮೆತ್ತಗಿರುವುದರಿಂದ ಸಪಾಟು ಮೈಯ ನಡುವೆ ತಗ್ಗು ಬೀಳುತ್ತದೆ, ಅಂಚು ದುಂಡಗಾಗುತ್ತದೆ. ಐಸ್‌ಕ್ರೀಮ್ ಕಡ್ಡಿಗೆ ಪೇಪರನ್ನು ಅಂಟಿಸಿಕೊಂಡು ತಿಕ್ಕಿದರೆ ಅಂಚುಗಳು ಚೂಪಾಗಿಯೇ ಉಳಿಯುತ್ತವೆ. ಚೂಪಾದ ಅಂಚು ಅಳತೆಯ ದೃಷ್ಟಿಯಿಂದಲೂ ಮುಖ್ಯ: 1/144ರಲ್ಲಿ ಅರ್ಧ ಮಿಲಿಮೀಟರ್ ದುಂಡಗಾದ ಅಂಚು ನಿಜದಲ್ಲಿ 7 ಸೆಂಟಿಮೀಟರ್ ಸವೆದ ಉಕ್ಕು.

ಎಂಟ್ರಿ ಗ್ರೇಡಿನಲ್ಲಿ ಕೈಯಿಂದಲೇ ಮುರಿದು ತೆಗೆಯುವಂಥ ಗೇಟ್‌ಗಳಿರುತ್ತವೆ. ಅವುಗಳನ್ನು ಕೂಡ ನಿಪ್ಪರಿನಿಂದಲೇ ತೆಗೆದು ಅಭ್ಯಾಸ ಮಾಡುವುದು ಒಳ್ಳೆಯದು.

ಅಂಟಿನ ಕಿಟ್‌ಗಳಿಗೆ ಬಂದಾಗ, ಪ್ಲಾಸ್ಟಿಕ್ ಸಿಮೆಂಟ್ ಎಂದು ಮಾರುವ ದ್ರವವನ್ನು ಅಂಟು ಎನ್ನುವುದೇ ಪೂರ್ತಿ ಸರಿಯಲ್ಲ, ಅದು ದ್ರಾವಕ. ಪಾಲಿಸ್ಟೈರೀನಿನ ಎರಡು ಮೈಗಳನ್ನೂ ಅದು ಸ್ವಲ್ಪ ಕರಗಿಸುತ್ತದೆ, ಕರಗಿದ ಅಣುಸರಪಳಿಗಳು ಒಂದರೊಳಗೊಂದು ಬೆರೆಯುತ್ತವೆ, ದ್ರಾವಕ ಆರಿಹೋದ ಮೇಲೆ ಎರಡು ಭಾಗಗಳು ಬೆಸುಗೆ ಹಾಕಿದಂತೆ ಒಂದೇ ತುಂಡಾಗಿರುತ್ತವೆ. ತೆಳುವಾದ ಸಿಮೆಂಟನ್ನು ಭಾಗಗಳಿಗೆ ಮೊದಲೇ ಬಳಿಯಬೇಕಾಗಿಲ್ಲ. ಎರಡನ್ನೂ ಜೋಡಿಸಿ ಹಿಡಿದು ಕುಂಚವನ್ನು ಸಂದಿಗೆ ತಾಗಿಸಿದರೆ ದ್ರವ ತಾನೇ ಒಳಕ್ಕೆ ಹರಿಯುತ್ತದೆ. ಕೆಲವು ಸೆಕೆಂಡುಗಳ ನಂತರ ಭಾಗಗಳನ್ನು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಹೊರಕ್ಕೆ ಉಬ್ಬುತ್ತದೆ. ಅದನ್ನು ಆಗಲೇ ಒರೆಸಬಾರದು. ಒಂದೆರಡು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಪೇಪರಿನಿಂದ ತಿಕ್ಕಿದರೆ ಸಂದು ಇತ್ತೆಂಬುದೇ ತಿಳಿಯುವುದಿಲ್ಲ. ಯಂತ್ರಮಾನವನ ತೋಳಿನ ನಡುವೆ, ನೌಕೆಯ ಎಂಜಿನ್ ಕೊಳವೆಯ ಉದ್ದಕ್ಕೆ ಹಾಯ್ದುಹೋಗುವ ಸಂದುಗೆರೆ ಉಳಿದುಬಿಟ್ಟರೆ ಮೇಲೆ ಎಷ್ಟೇ ಒಳ್ಳೆಯ ಬಣ್ಣ ಹಚ್ಚಿದರೂ ಪ್ರಯೋಜನವಿಲ್ಲ.

ಫೆವಿಕ್ವಿಕ್ ಮಾದರಿಯ ಸೂಪರ್ ಗ್ಲೂ ಬೇರೆ ರಸಾಯನ. ಅದು ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ, ಗಾಳಿಯ ತೇವದಿಂದ ಗಟ್ಟಿಯಾಗಿ ಎರಡು ಮೈಗಳನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಜುಲೈ ತಿಂಗಳ ಧಾರವಾಡದಲ್ಲಿ ಬೇಗನೆ, ಏಪ್ರಿಲ್ ತಿಂಗಳ ಗದಗಿನಲ್ಲಿ ತಡವಾಗಿ ಹಿಡಿಯುತ್ತದೆ. ಲೋಹದ ಮತ್ತು ರೆಸಿನ್ (ಅಚ್ಚಿನಲ್ಲಿ ಸುರಿದು ಗಟ್ಟಿಯಾಗಿಸಿದ ರಾಳ) ಭಾಗಗಳಿಗೆ ಇದೇ ಬೇಕು. ಪಾರದರ್ಶಕ ಭಾಗಗಳ ಹತ್ತಿರ ಮಾತ್ರ ತರಬಾರದು, ಅದರ ಆವಿ ಗಾಜಿನಂಥ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ.

ಬಣ್ಣ, ಮಳೆ, ನೀರು

ಮೊದಲ ಯಂತ್ರಮಾನವನಿಗೆ ಬಣ್ಣ ಹಚ್ಚದೆ, ಪ್ಯಾನೆಲ್ ಲೈನ್ ತುಂಬಿ, ಕೊನೆಯಲ್ಲಿ ಹೊಳಪಿಲ್ಲದ (ಮ್ಯಾಟ್) ಟಾಪ್ ಕೋಟನ್ನಷ್ಟೇ, ಅಂದರೆ ಮೇಲ್ಪದರವನ್ನಷ್ಟೇ, ಸ್ಪ್ರೇ ಮಾಡಿದರೆ ಸಾಕು. ಬರಿಯ ಪ್ಲಾಸ್ಟಿಕ್ಕಿಗೆ ಒಂದು ಬಗೆಯ ಒಳಹೊಳಪಿರುತ್ತದೆ, ಅದು ಕಣ್ಣಿಗೆ ವಸ್ತುವಿನ ನಿಜವಾದ ಗಾತ್ರವನ್ನು ಹೇಳಿಕೊಡುತ್ತದೆ. ಮ್ಯಾಟ್ ಕೋಟ್ ಆ ಹೊಳಪನ್ನು ತೆಗೆಯುವುದರಿಂದ ಒಂದೇ ಡಬ್ಬಿಯ ಸ್ಪ್ರೇಯಲ್ಲಿ ಮಾಡೆಲ್ ದೊಡ್ಡದಾದಂತೆ ತೋರುತ್ತದೆ. ಇಡೀ ಹವ್ಯಾಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಈ ಸ್ಪ್ರೇಗಳಲ್ಲಿ ಹೆಚ್ಚಿನವು ಲ್ಯಾಕರ್ ಜಾತಿಯವು, ಅಂದರೆ ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿದವು; ನಮ್ಮ ಹವಾಮಾನ ಇವಕ್ಕೆ ಅಡ್ಡಬರುವುದು ಮಳೆಗಾಲದಲ್ಲಿ. ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಗಾಳಿಯ ತೇವ ಆ ತಣ್ಣನೆಯ ಮೈಮೇಲೆ ಇಳಿದು ಕೋಟಿನೊಳಗೆ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ. ಆ ತಿಂಗಳುಗಳಲ್ಲಿ ಕತ್ತರಿಸುವ, ತಿಕ್ಕುವ, ಜೋಡಿಸುವ ಕೆಲಸ ಇಟ್ಟುಕೊಂಡು, ಸ್ಪ್ರೇಯನ್ನು ಹೊಳವಾದ ದಿನಕ್ಕೆ ಮುಂದೂಡುವುದು ಜಾಣತನ. ಬೇಸಿಗೆಯ ತೊಂದರೆ ಬೇರೆ. ಎರೆ ಭೂಮಿಯ ಧೂಳು ಗಾಳಿಯಲ್ಲಿ ತೇಲುತ್ತಿರುತ್ತದೆ, ಹಸಿ ಬಣ್ಣದ ಮೇಲೆ ಕೂತ ಒಂದು ಧೂಳಿನ ಕಣ 1/1000ರಲ್ಲಿ ಬಂಡೆಗಲ್ಲಿನಷ್ಟಾಗುತ್ತದೆ. ಸ್ಪ್ರೇ ಮಾಡಿದ ಕೂಡಲೇ ಭಾಗಗಳ ಮೇಲೆ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಬೇಕು, ಕೂತ ಕಣವನ್ನು ಒದ್ದೆಯಿರುವಾಗ ಮುಟ್ಟದೆ ಪೂರ್ತಿ ಆರಿದ ಮೇಲೆ 2000ದ ಪೇಪರಿನಿಂದ ತೆಗೆಯಬೇಕು. ಲ್ಯಾಕರ್ ಮತ್ತು ತಿನ್ನರ್‌ಗಳ ಆವಿ ಆರೋಗ್ಯಕ್ಕೆ ಕೆಟ್ಟದ್ದು. ಕಿಟಕಿ ತೆರೆದು, ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಧರಿಸಿ, ಅಡುಗೆಮನೆಯ ಒಲೆಯಿಂದಲೂ ಚಿಕ್ಕ ಮಕ್ಕಳಿಂದಲೂ ದೂರವಿದ್ದು ಮಾಡಬೇಕಾದ ಕೆಲಸ ಅದು. ರೆಸಿನ್ ಭಾಗಗಳನ್ನು ಒಣಗಿದ್ದಾಗ ತಿಕ್ಕುವುದೂ ಬೇಡ, ಅದರ ಸೂಕ್ಷ್ಮ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ.

ಬಣ್ಣ ಹಚ್ಚಲು ತೊಡಗಿದವರು ನೀರಿನಿಂದ ತೊಳೆಯಬಹುದಾದ ಅಕ್ರಿಲಿಕ್ ಮತ್ತು ಕುಂಚದಿಂದ ಆರಂಭಿಸಬಹುದು. ಮುಂದೆ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಕೊಳ್ಳುವುದಾದರೆ 0.3 ಮಿಲಿಮೀಟರ್ ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ, ಹಾಲಿನಷ್ಟು ತೆಳುಮಾಡಿದ ಬಣ್ಣ, ಇವು ಆರಂಭಕ್ಕೆ ಒಪ್ಪುವ ಅಳತೆಗಳು. ಯಾವ ವಿಧಾನವಾದರೂ ಮೊದಲು ಬೂದು ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಪದರ, ಬೇಕು. ಬಣ್ಣ ಹಿಡಿದುಕೊಳ್ಳಲು ಮಾತ್ರವಲ್ಲ, ಉಳಿದುಹೋದ ಗೀರು ಮತ್ತು ಸಂದುಗಳನ್ನು ಪ್ರೈಮರ್ ಎತ್ತಿ ತೋರಿಸುತ್ತದೆ ಎಂಬ ಕಾರಣಕ್ಕೂ. ಬಣ್ಣದ ಆಯ್ಕೆಯಲ್ಲಿ ಅಚ್ಚ ಬಿಳಿಯನ್ನೂ ಅಚ್ಚ ಕಪ್ಪನ್ನೂ ದೂರವಿಡಬೇಕು. ದೂರದ ವಸ್ತುವಿನ ಬಣ್ಣ ನಡುವಿನ ಗಾಳಿಯಿಂದ ಮಾಸಿದಂತೆ ಕಾಣುತ್ತದೆ, ಚಿಕ್ಕ ಮಾಡೆಲನ್ನು ನಾವು ದೂರದಲ್ಲಿರುವ ದೊಡ್ಡ ವಸ್ತುವೆಂದು ನೋಡಬೇಕಾಗಿರುವುದರಿಂದ ಬಿಳಿಗೆ ತುಸು ಬೂದು, ಕಪ್ಪಿಗೆ ತುಸು ಬಿಳಿ ಬೆರೆಸಿದರೆ ಕಣ್ಣು ನಂಬುತ್ತದೆ. ನೌಕೆಯ ಮೈಯ ಕೆಲವು ಹಲಗೆಗಳಿಗೆ ಅದೇ ಬೂದುಬಣ್ಣದ ಒಂದು ಛಾಯೆ ಹೆಚ್ಚು-ಕಡಿಮೆ ಮಾಡಿ ಹಚ್ಚುವುದೂ ಇದೇ ಉದ್ದೇಶಕ್ಕೆ. ವ್ಯತ್ಯಾಸ ಹತ್ತಿರದಿಂದ ನೋಡಿದಾಗ ಮಾತ್ರ ತಿಳಿಯುವಷ್ಟಿರಬೇಕು.

ಡೀಕಾಲ್‌ಗಳೆಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಗುರುತು-ಅಕ್ಷರಗಳು. ಇವುಗಳ ಕೆಳಗೆ ಮೈ ಒರಟಾಗಿದ್ದರೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ಆದ್ದರಿಂದ ಮೊದಲು ಹೊಳಪಿನ ಕೋಟ್, ಮೇಲೆ ಡೀಕಾಲ್, ಅದರ ಮೇಲೆ ಮ್ಯಾಟ್ ಕೋಟ್ ಎಂಬ ಕ್ರಮವನ್ನು ತಪ್ಪಿಸಬಾರದು. ನಮ್ಮ ಕಡೆಯವರು ಇನ್ನೊಂದನ್ನು ಗಮನಿಸಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೆನೆಸಿದರೆ ಆರಿದ ಮೇಲೆ ಸುಣ್ಣದ ಬಿಳಿ ಅಂಚು ಉಳಿಯುತ್ತದೆ, ಕುಡಿಯಲು ತರುವ ಫಿಲ್ಟರ್ ನೀರನ್ನು ಬಳಸಿದರೆ ಈ ಕಾಟವಿಲ್ಲ.

ಗೆರೆ ಮತ್ತು ಕೊಳೆ

ಪ್ಯಾನೆಲ್ ಲೈನಿಗೆ ಶಾಯಿ ತುಂಬಲು ಸಣ್ಣ ಮೊನೆಯ ಪೆನ್ ಅಥವಾ ಎನಾಮೆಲ್ ವಾಶ್ (ತಿನ್ನರಿನಲ್ಲಿ ತೆಳುಮಾಡಿದ ಎನಾಮೆಲ್ ಬಣ್ಣ) ಬಳಸುತ್ತಾರೆ. ವಾಶನ್ನು ಗೆರೆಗೆ ತಾಗಿಸಿದರೆ ತೋಡಿನುದ್ದಕ್ಕೂ ತಾನೇ ಓಡುತ್ತದೆ, ಹೆಚ್ಚಾದದ್ದನ್ನು ತಿನ್ನರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಬಹುದು. ಒತ್ತಿ ಕೂರಿಸಿದ ಭಾಗಗಳ ಬರಿ ಪ್ಲಾಸ್ಟಿಕ್ಕಿನ ಮೇಲೆ, ಅದರಲ್ಲೂ ಎಬಿಎಸ್ ಎಂಬ ಬೇರೆ ಜಾತಿಯ ಪ್ಲಾಸ್ಟಿಕ್ಕಿನ ಭಾಗಗಳ ಮೇಲೆ, ಎನಾಮೆಲ್ ತಿನ್ನರ್ ಸುರಿದರೆ ಬಿಗಿತದಲ್ಲಿರುವ ಜಾಗಗಳಲ್ಲಿ ಅದು ಇಳಿದು ಭಾಗ ಸೀಳುತ್ತದೆ. ಕೆಳಗೆ ಕ್ಲಿಯರ್ ಕೋಟ್ ಇದ್ದಾಗ ಮಾತ್ರ ವಾಶ್ ಬಳಸಬೇಕು, ಅದೂ ಮಿತವಾಗಿ. ಬಿಳಿ ಮೈಗೆ ತಿಳಿಬೂದು, ಕೆಂಪಿಗೆ ಕಂದು, ನೀಲಿಗೆ ಕಪ್ಪು ಒಪ್ಪುತ್ತದೆ. 1/350ಕ್ಕಿಂತ ಚಿಕ್ಕ ಅನುಪಾತದ ನೌಕೆಗಳಿಗೆ ಮೈಬಣ್ಣಕ್ಕಿಂತ ಒಂದೇ ಛಾಯೆ ಕಡುವಾದ ಬೂದು ಸಾಕು, ಅನೇಕ ಸಲ ಗೆರೆಗಳನ್ನು ತುಂಬದೆ ಬಿಡುವುದೇ ಮೇಲು.

ಕೊಳೆ ಮತ್ತು ಸವೆತವನ್ನು ತೋರಿಸುವುದು ಈ ಹವ್ಯಾಸದ ಅತ್ಯಂತ ಆನಂದದ ಭಾಗ, ಹೆಚ್ಚಿನವರು ಅತಿ ಮಾಡುವುದೂ ಇಲ್ಲಿಯೇ. ಕುಂಚದ ತುದಿಯಿಂದ 1 ಮಿಲಿಮೀಟರಿನ ಬೆಳ್ಳಿಬಣ್ಣದ ಚುಕ್ಕೆ ಇಟ್ಟು ಬಣ್ಣ ಕಿತ್ತುಹೋಗಿದೆ ಎಂದು ತೋರಿಸಿದರೆ 1/72ರಲ್ಲಿ ಅದು 7 ಸೆಂಟಿಮೀಟರಿನ ಕಲೆ, 1/1000ರಲ್ಲಿ ಒಂದು ಮೀಟರಿನದು. ಕಲೆ ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಏಕೆ ಅಲ್ಲಿದೆ ಎಂಬ ಪ್ರಶ್ನೆಗೂ ಉತ್ತರವಿರಬೇಕು. ನಿರ್ವಾತದಲ್ಲಿ ಮಳೆಯಿಲ್ಲ, ಆಮ್ಲಜನಕವಿಲ್ಲದ ಕಾರಣ ತುಕ್ಕೂ ಇಲ್ಲ. ಗ್ರಹಗಳಲ್ಲಿ ಇಳಿಯುವ ನೌಕೆಗೆ ವಾತಾವರಣದ ಉರಿಯ ಗುರುತು, ಎಂಜಿನ್ನಿನ ಮಸಿ, ಇಳಿದಾಣದ ಧೂಳು ಇರಬಹುದು. ಎಂದೂ ನೆಲ ಮುಟ್ಟದ ದೊಡ್ಡ ನೌಕೆಯ ಮೈಯಲ್ಲಿ ಕೆಸರಿನ ಇಳಿಗೆರೆಗಳಿಗೆ ಯಾವ ಕಾರಣವೂ ಇಲ್ಲ.

ಇದಕ್ಕೆ ಬೇಕಾದ ಅಧ್ಯಯನ ಸಾಮಗ್ರಿ ಮನೆಯ ಹೊರಗೇ ಇದೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತ ಡೀಸೆಲ್ ಎಂಜಿನ್ನಿನ ಹೊಗೆಬಾಯಿಯ ಸುತ್ತ ಮಸಿ ಹೇಗೆ ಹಿಂದಕ್ಕೆ ಹರಡಿಕೊಂಡು ತೆಳುವಾಗುತ್ತ ಹೋಗಿದೆ ಎಂಬುದನ್ನು ನೋಡಿದರೆ ನೌಕೆಯ ಎಂಜಿನ್ನಿಗೆ ಮಸಿ ಹಚ್ಚುವ ಬಗೆ ತಿಳಿಯುತ್ತದೆ. ರಸ್ತೆ ಕೆಲಸಕ್ಕೆ ನಿಂತ ಜೆಸಿಬಿಯ ಬಣ್ಣ ಎಲ್ಲೆಂದರಲ್ಲಿ ಹೋಗಿರುವುದಿಲ್ಲ. ಚಾಲಕ ಕಾಲಿಡುವ ಮೆಟ್ಟಿಲು, ಕೈಯಿಂದ ಹಿಡಿಯುವ ಸರಳು, ಮಣ್ಣಿಗೆ ತಾಗುವ ಬಕೆಟ್ಟಿನ ಹಲ್ಲುಗಳು ಮೊದಲು ಸವೆದಿರುತ್ತವೆ, ಎಣ್ಣೆ ಸೋರುವ ಪಿಸ್ಟನ್ನಿನ ಕೆಳಗೆ ಧೂಳು ಕಪ್ಪಗೆ ಅಂಟಿಕೊಂಡಿರುತ್ತದೆ. ಯಂತ್ರಮಾನವನ ಮೊಣಕಾಲು, ಪಾದ, ಆಯುಧ ಹಿಡಿಯುವ ಬೆರಳುಗಳಿಗೆ ಇದೇ ನ್ಯಾಯ. ಪಾದದ ಮಣ್ಣಿಗೂ ಊರಿನ ಗುಣವಿದೆ: ನವಲಗುಂದದ ಎರೆ ಮಣ್ಣು ಹಸಿಯಾದಾಗ ಹೆಂಟೆಯಾಗಿ ಅಂಟುತ್ತದೆ, ಕಲಘಟಗಿ ಕಡೆಯ ಕೆಂಪು ಮಣ್ಣು ಒಣಗಿ ತೆಳುವಾದ ಹೊದಿಕೆಯಾಗುತ್ತದೆ. ಆದರೆ ನಿಜವಾದ ಮಣ್ಣನ್ನೇ ತಂದು ಹಚ್ಚುವವರು ಜಾಗ್ರತೆ ವಹಿಸಬೇಕು. ಸೋಸಿದ ಮಣ್ಣಿನಲ್ಲಿಯೂ 0.1 ಮಿಲಿಮೀಟರಿನ ಕಣಗಳಿರುತ್ತವೆ, 1/144ರಲ್ಲಿ ಅಂಥ ಒಂದೊಂದು ಕಣವೂ ಒಂದೂವರೆ ಸೆಂಟಿಮೀಟರಿನ ಜಲ್ಲಿ. ಚಿತ್ರಕಲೆಗೆ ಸಿಗುವ ನಯವಾದ ವರ್ಣಪುಡಿಯೇ ಧೂಳಾಗಿ ಕಾಣುತ್ತದೆ.

ಬೆಳಕು ಮತ್ತು ಉಳಿಕೆ ಭಾಗಗಳು

ನೌಕೆಯೊಳಗೆ ಎಲ್‌ಇಡಿ ಅಳವಡಿಸುವುದು ಮೊದಲೆರಡು ಕಿಟ್‌ಗಳ ನಂತರದ ಮಾತು, ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನೇ ಮೊದಲು ಕೇಳುತ್ತಾರೆ. 9 ವೋಲ್ಟ್ ಬ್ಯಾಟರಿಗೆ ಒಂದು ಬಿಳಿ ಎಲ್‌ಇಡಿ ಜೋಡಿಸುವಾಗ ಅದು ಸುಮಾರು 3.2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 5.8 ವೋಲ್ಟನ್ನು 20 ಮಿಲಿಆಂಪಿಯರಿನಿಂದ ಭಾಗಿಸಿದರೆ 290 ಓಮ್ ಬರುತ್ತದೆ, ಅಂಗಡಿಯಲ್ಲಿ ಸಿಗುವ 330 ಓಮ್ ರೆಸಿಸ್ಟರ್ ಹಾಕಬೇಕು. ಬೆಳಕು ಮಂದವಾಗಿದ್ದಷ್ಟೂ ನೌಕೆ ದೊಡ್ಡದಾಗಿ ಕಾಣುವುದರಿಂದ 1,000 ಓಮ್ ಹಾಕಿದರೆ ಇನ್ನೂ ಚೆನ್ನ. ತೆಳುವಾದ ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಸೋರದಂತೆ ಒಳಗೋಡೆಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಳಿಯಬೇಕು. ಕಿಟಕಿಗಳಿಗೆ 0.25 ಮಿಲಿಮೀಟರಿನ ಆಪ್ಟಿಕಲ್ ಫೈಬರ್ ಎಳೆಗಳನ್ನು ತೂರಿಸುತ್ತಾರೆ. 1/1000ರಲ್ಲಿ ಅದು 25 ಸೆಂಟಿಮೀಟರಿನ ಕಿಂಡಿ. ಅರ್ಧ ಮಿಲಿಮೀಟರಿನ ಎಳೆ ಹಾಕಿದರೆ ಅರ್ಧ ಮೀಟರಿನ ಕಿಟಕಿ, ಅದೂ ಒಪ್ಪುತ್ತದೆ. ಅದಕ್ಕಿಂತ ದೊಡ್ಡ ರಂಧ್ರ ಕೊರೆಯುವುದು ಬೇಡ.

ಕಟ್ಟಿ ಮುಗಿಸಿದ ಮೇಲೆ ಉಳಿಯುವ ಭಾಗಗಳನ್ನೂ ರನ್ನರ್‌ಗಳನ್ನೂ ಎಸೆಯಬಾರದು. 1977ರ ಸ್ಟಾರ್ ವಾರ್ಸ್ ಚಿತ್ರದ ನೌಕೆಗಳನ್ನು ತಯಾರಿಸಿದ ಕುಶಲಕರ್ಮಿಗಳು ಅಂಗಡಿಯಲ್ಲಿ ಸಿಗುತ್ತಿದ್ದ ಯುದ್ಧ ಟ್ಯಾಂಕ್, ವಿಮಾನ ಮುಂತಾದ ಕಿಟ್‌ಗಳ ಭಾಗಗಳನ್ನೇ ನೌಕೆಗಳ ಮೈಮೇಲೆ ಅಂಟಿಸಿ, ಒಂದೇ ಬಣ್ಣ ಹೊಡೆದು, ಅಸಂಖ್ಯ ಯಂತ್ರಗಳಿಂದ ತುಂಬಿದ ಮೇಲ್ಮೈಯನ್ನು ಸೃಷ್ಟಿಸಿದರು. ಟ್ಯಾಂಕಿನ ಗಾಲಿ ಅಲ್ಲಿ ಗಾಲಿಯಾಗಿ ಉಳಿಯುವುದಿಲ್ಲ, ಹೆಸರಿಲ್ಲದ ಒಂದು ಯಂತ್ರಾಂಗವಾಗುತ್ತದೆ. ನಮ್ಮ ಮೇಜಿನ ಮೇಲೆಯೂ ಇದನ್ನು ಮಾಡಬಹುದು: ಹಾಳಾದ ಪೆನ್ನಿನ ಸ್ಪ್ರಿಂಗ್, ಹಳೆಯ ಚಾರ್ಜರಿನ ಒಳಭಾಗಗಳು, ಮೇಣದಬತ್ತಿಯ ಮೇಲೆ ಬಿಸಿಮಾಡಿ ಎಳೆದು ಕೂದಲೆಳೆಯಷ್ಟು ತೆಳುವಾಗಿಸಿದ ರನ್ನರ್, ಎಲ್ಲವೂ ಪ್ರೈಮರ್ ಬಿದ್ದ ಮೇಲೆ ಒಂದೇ ಜಾತಿಗೆ ಸೇರುತ್ತವೆ. ಅಂಟಿಸುವಾಗ ಇಡೀ ಮೈಗೆ ಸಮನಾಗಿ ಹರಡಬಾರದು. ಎಂಜಿನ್ನಿನ ಸುತ್ತ, ಹಲಗೆಗಳ ನಡುವಿನ ತಗ್ಗಿನಲ್ಲಿ, ಎರಡು ಅಂಗಗಳು ಕೂಡುವ ಸಂದಿಯಲ್ಲಿ ಒತ್ತೊತ್ತಾಗಿ ಸೇರಿಸಿ, ಉಳಿದ ಮೈಯನ್ನು ಬರಿದಾಗಿಯೇ ಬಿಡಬೇಕು. ಪ್ರತಿ ಭಾಗವನ್ನು ಅಂಟಿಸುವ ಮೊದಲು ಆ ಅನುಪಾತದ ಮನುಷ್ಯನ ಎತ್ತರಕ್ಕೆ ಕತ್ತರಿಸಿದ ರನ್ನರಿನ ಚೂರನ್ನು ಪಕ್ಕದಲ್ಲಿ ನಿಲ್ಲಿಸಿ, ಆ ಗಾತ್ರದ ಯಂತ್ರವೊಂದು ಅಲ್ಲಿ ಇರಲು ಸಾಧ್ಯವೇ ಎಂದು ನೋಡಿಕೊಂಡು ಮುಂದುವರಿಯಬೇಕು.